ಮೂವತ್ತೊಂದನೇ ಮಗು

ಸರ್ಕಾರಿ ಶಾಲೆಗಳಿಗೆಲ್ಲ ಅನುದಾನದ ನಿಯಮ ಒಂದೇ ಇರುವಾಗ ಎಚ್.ಡಿ. ಕೋಟೆ ಕಾಡಂಚಿನ ಶಾಲೆ ಮೈಸೂರು ಪೇಟೆಯ ಶಾಲೆಗಿಂತ ಯಾಕೆ ಹಿಂದೆ ಬೀಳುತ್ತೆ ಅಂತ ಕೇಳಿದ್ದೀರಿ. ನಿಯಮ ಒಂದೇ ಇರೋದೇ ತೊಂದರೆ.

ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಯ ಶಾಲಾ ಅನುದಾನ ಮಕ್ಕಳ ತಲೆಯೆಣಿಕೆ ಮೇಲೆ ಬರುತ್ತೆ. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000. ಮೂವತ್ತೊಂದನೇ ಮಗು ಸೇರಿದರೆ 15,000 ಹೆಚ್ಚು, ಬಿಟ್ಟರೆ ಅಷ್ಟೂ ಕಡಿತ. ತಲಾ ಲೆಕ್ಕ ಹಾಕಿದರೆ 30 ಮಕ್ಕಳ ಶಾಲೆಗೆ 333 ರೂಪಾಯಿ, 250 ಮಕ್ಕಳ ಶಾಲೆಗೆ 200; ಕಾಗದದಲ್ಲಿ ಚಿಕ್ಕ ಶಾಲೆಗೇ ಜಾಸ್ತಿ ಕಾಣುತ್ತೆ. ಆದರೆ ಹೆಂಚು ಒಡೆದರೆ, ನೀರಿನ ಮೋಟಾರು ಸುಟ್ಟರೆ ಖರ್ಚು ಎರಡು ಕಡೆಯೂ ಅಷ್ಟೇ. ಡಿ.ಬಿ. ಕುಪ್ಪೆ, ಬಾವಲಿಯಂಥ ಕೇರಳ ಗಡಿಯ ಊರುಗಳಿಗಾದರೆ ಸಾಮಾನು ಸಾಗಿಸೋ ಬಾಡಿಗೆ ಬೇರೆ. ಅನುದಾನದಲ್ಲಿ ಶೇ. 10 ಸ್ವಚ್ಛತೆಗೆ ಇಡಬೇಕು. 10,000ದ ಶಾಲೆಗೆ ಅದು ತಿಂಗಳಿಗೆ 83 ರೂಪಾಯಿ: ಫಿನಾಯಿಲು, ಪೊರಕೆ, ಸೋಪು ಎಲ್ಲ ಅದರಲ್ಲೇ.

ಇಷ್ಟಾದರೂ ಶಾಲೆಯ ದೊಡ್ಡ ಹಣ ಈ ಅನುದಾನವಲ್ಲ, ಮೇಷ್ಟ್ರ ಸಂಬಳ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ತರಗತಿ ಐದು. ಒಬ್ಬರು ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಾರ್ಡುಗಳಿಂದ ಕಲಿಸೋ ನಲಿ-ಕಲಿ ನೋಡಿಕೊಂಡರೆ ಇನ್ನೊಬ್ಬರಿಗೆ ನಾಲ್ಕು, ಐದು. ಒಬ್ಬರು ತರಬೇತಿಗೋ ಬಿಸಿಯೂಟದ ಲೆಕ್ಕ ಕೊಡೋಕೋ ಹೋದ ದಿನ ಐದೂ ತರಗತಿ ಒಬ್ಬರ ಪಾಲು. ಮೊರಾರ್ಜಿ ವಸತಿ ಶಾಲೆಯ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆಯಬೇಕಾದ ಐದನೇ ತರಗತಿ ಮಕ್ಕಳಿಗೆ ಇದರ ಪೆಟ್ಟು ಮೊದಲು ಬೀಳುತ್ತೆ.

ಈ ನಲಿ-ಕಲಿ ಹುಟ್ಟಿದ್ದೇ ಇದೇ ಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ, ಇಲ್ಲಿನ ಮೇಷ್ಟ್ರುಗಳ ಕೈಯಲ್ಲಿ. ಹೆಮ್ಮೆಯಿಂದ ಹೇಳಬೇಕಾದ ಮಾತಿದು. ಕಲಿಕಾ ಏಣಿಯಲ್ಲಿ ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು. ಮಗು ತನ್ನ ವೇಗದಲ್ಲಿ ಹತ್ತುತ್ತೆ. ಕಾಫಿ ಕೊಯ್ಲಿಗೆ ಅಪ್ಪ ಅವ್ವನ ಜತೆ ಕೊಡಗಿಗೆ ಹೋದ ಹಾಡಿಯ (ಆದಿವಾಸಿ ಕೇರಿಯ) ಮಗು ಎರಡು ತಿಂಗಳಾದ ಮೇಲೆ ಬಂದರೂ ಬಿಟ್ಟ ಮೆಟ್ಟಿಲಿಂದಲೇ ಶುರು ಮಾಡಬಹುದು. ಕಾಡಂಚಿನ ಶಾಲೆಗೆ ಇದಕ್ಕಿಂತ ಹೊಂದುವ ಪದ್ಧತಿ ಇಲ್ಲ ಅಂತ ನನ್ನ ನಂಬಿಕೆ. ಆದರೆ ನಡುವಿನ ನಾಲ್ಕು ಕಾರ್ಡು ಹರಿದೋ ಕಳೆದೋ ಹೋದರೆ ಏಣಿ ಅಲ್ಲೇ ಮುರೀತು. ಮೇಷ್ಟ್ರು ಆ ಪಾಠವನ್ನ ಹಲಗೆ ಮೇಲೆ ಬರೆದು ಎಲ್ಲರಿಗೂ ಒಟ್ಟಿಗೆ ಹೇಳಿಕೊಡೋಕೆ ಶುರು ಮಾಡುತ್ತಾರೆ, ಕೊಡಗಿಂದ ಬಂದ ಮಗುವಿಗೆ ಏನೂ ಹತ್ತೋದಿಲ್ಲ.

ನೀವು ಈ ಕಡೆ ಶಾಲೆ ನೋಡೋಕೆ ಬಂದರೆ ಗೋಡೆಯ ಬಣ್ಣ ನೋಡಬೇಡಿ. ಕಾರ್ಡಿನ ತಟ್ಟೆ ಇಳಿಸಿ ಕ್ರಮಸಂಖ್ಯೆ ಎಣಿಸಿ. ಆಮೇಲೆ ಹಾಜರಿ ಪುಸ್ತಕದಲ್ಲಿ ಕಾಫಿ ಕೊಯ್ಲಿನ ಜನವರಿ ಪುಟ ತೆರೆಸಿ, ಜುಲೈ ಪುಟದ ಪಕ್ಕ ಇಟ್ಟು ನೋಡಿ.