ಬೆಂಗಳೂರಲ್ಲಿ ಈ ಡಿಸೆಂಬರ್‌ನಲ್ಲಿ ಟೆರೇಸ್ ಮೇಲೆ ಕುಂಡಕ್ಕೆ ಜೀರಿಗೆ ಮೆಣಸಿನ ಬೀಜ ಹಾಕಿ 12 ದಿನ ಆಯ್ತು, ದಿನಾ ಎರಡು ಹೊತ್ತು ನೀರು ಹಾಕ್ತೀನಿ, ಒಂದೂ ಹುಟ್ಟಿಲ್ಲ, ಬೀಜ ಕೆಟ್ಟಿದ್ಯಾ?

ಕೆಟ್ಟಿರಲಿಕ್ಕಿಲ್ಲ, ದಯವಿಟ್ಟು ಕುಂಡ ಕೆದಕಿ ನೋಡೋಕೆ ಹೋಗ್ಬೇಡಿ. ಬ್ಯಾಡಗಿ ಗುಂಟೂರು ತರದ್ದು ಬೆಚ್ಚಗಿದ್ರೆ 8-10 ದಿನಕ್ಕೆ ಮೊಳಕೆ ಒಡೀತವೆ, ಆದ್ರೆ ಜೀರಿಗೆ ಮೆಣಸು (ಮಂಗಳೂರು ಕಡೆ ಗಾಂಧಾರಿ ಅಂತಾರಲ್ಲ ಅದೇ) ಬಹಳ ನಿಧಾನ, ನಂಗೆ 3 ವಾರಕ್ಕಿಂತ ಮೊದ್ಲು ಹುಟ್ಟಿದ್ದೇ ಇಲ್ಲ, ಒಂದ್ಸಲ ಅಂತೂ 26ನೇ ದಿನ ಮೊದಲ್ನೇ ಮೊಳಕೆ ಕಂಡಿದ್ದು. ಅದೂ ನೀವು ಹಾಕಿರೋದು ಬೆಂಗಳೂರಿನ ಡಿಸೆಂಬರ್ ಚಳೀಲಿ, ಟೆರೇಸ್ ಮೇಲೆ. ಇದಕ್ಕೆ ಮಣ್ಣು 25-30 ಡಿಗ್ರಿ ಇರ್ಬೇಕು, ರಾತ್ರಿ ಹೊತ್ತು ಕುಂಡ ಒಳಗಿಡಿ, ಮೇಲೆ ಪ್ಲಾಸ್ಟಿಕ್ ಕವರ್ ಸಡಿಲವಾಗಿ ಮುಚ್ಚಿ, ಮೊಳಕೆ ಕಂಡ ದಿನಾನೇ ಕವರ್ ತೆಗ್ದು ಬೆಳಕಿಗೆ ಇಡಿ.

ನಂಗೆ ಭಯ ಆಗಿದ್ದು ದಿನಾ ಎರಡು ಹೊತ್ತು ನೀರು ಹಾಕ್ತೀನಿ ಅಂದ್ರಲ್ಲ, ಅದು. ಮೊದಲ್ನೇ ವರ್ಷ ನಾನೂ ಹಂಗೇ ಮಾಡಿ, ಹುಟ್ಟಿದ ಇಪ್ಪತ್ತು ಸಸಿಲಿ ಹದಿನೇಳು ಬುಡ ಕೊಳೆತು ಮಗುಚಿ ಬಿದ್ವು, ಎರಡೇ ದಿನದಲ್ಲಿ, ತುಂಬಾ ಸಂಕಟ ಆಗಿತ್ತು. ಬೆರಳಿಟ್ಟು ನೋಡಿ, ಮೇಲ್ಮಣ್ಣು ಒಣಗಿದ್ರೆ ಮಾತ್ರ ಚಿಮುಕಿಸಿ.

ಬೀಜ ಎಲ್ಲಿಂದ ತೆಗೆದ್ರಿ ಅಂತ ಬರೆದಿಲ್ಲ. ಗಿಡದಲ್ಲೇ ಕೆಂಪಾದ ಹಣ್ಣಿಂದಾದ್ರೆ ಚಿಂತೆ ಇಲ್ಲ, ಎಳೇ ಹಸಿರು ಕಾಯಿದೋ ಉಪ್ಪಲ್ಲಿ ಹಾಕಿ ಒಣಗಿಸಿಟ್ಟಿದ್ದೋ ಆದ್ರೆ ಹುಟ್ಟಲ್ಲ, ಬೇರೆ ಹಾಕಿ.

ನಮ್ಮೂರು ಸಿರ್ಸಿ ಹತ್ರ, ಅಲ್ಲಿ ಇದನ್ನ ಯಾರೂ ಬಿತ್ತೋದೇ ಇಲ್ಲ. ಪಿಕಳಾರ (ಬುಲ್‌ಬುಲ್) ಹಕ್ಕಿಗಳು ಇದರ ಹಣ್ಣು ನುಂಗಿ ಬೇಲಿ ಮೇಲೆ ಕೂತು ಹಿಕ್ಕೆ ಹಾಕ್ತವೆ, ಮಳೆ ಶುರುವಾದ್ಮೇಲೆ ಅಲ್ಲೇ ಗಿಡ ಏಳ್ತದೆ. ಹಕ್ಕಿಗಳಿಗೆ ಈ ಖಾರ ತಾಗೋದೇ ಇಲ್ಲ, ಉರಿಯೋದು ನಮ್ಮಂಥ ಸಸ್ತನಿಗಳ ಬಾಯಿಗೆ ಮಾತ್ರ, ಅದಕ್ಕೇ ಬೀಜ ಜಗಿಯದೆ ದೂರ ಒಯ್ಯೋ ಕೆಲಸ ಹಕ್ಕಿ ಪಾಲಿಗೆ ಬಂದಿದೆ, ನಂಗೆ ಈ ಗಿಡದ ಮೇಲೆ ಇಷ್ಟು ಪ್ರೀತಿ ಇರೋದೂ ಇದಕ್ಕೇ.

ಸಸಿಗೆ ನಾಲ್ಕೈದು ಎಲೆ ಬಂದ್ಮೇಲೆ ಒಂದೊಂದನ್ನ ಬೇರೆ ಕುಂಡಕ್ಕೆ ಹಾಕಿ. ಎಲೆ ಮುಟುರಿಕೊಂಡ್ರೆ ಕೆಳಗಡೆ ತಿರುಗಿಸಿ ನೋಡಿ, ನುಸಿ ಇದ್ರೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಎರಡು ಹನಿ ಸೋಪಿನ ನೀರು ಸೇರ್ಸಿ ಸಂಜೆ ಹೊತ್ತು ಹೊಡೀರಿ.

ಆ 26ನೇ ದಿನ ಹುಟ್ಟಿದ ಗಿಡಕ್ಕೆ ಈಗ ಮೂರು ವರ್ಷ, ಇನ್ನೂ ಕಾಯಿ ಬಿಡ್ತಿದೆ. ಐದು ವಾರ ಆದ್ಮೇಲೂ ನಿಮ್ದು ಹುಟ್ಟಲಿಲ್ಲ ಅಂದ್ರೆ ಇಲ್ಲೇ ಬರೀರಿ, ಅದರ ಬೀಜ ಕಳಿಸ್ತೀನಿ.