ಉಪವಾಸದ ದಿನ ಶುಗರ್ ಮಾತ್ರೆ: ತಗೋಬೇಕಾ, ಬೇಡ್ವಾ?

ಶ್ರಾವಣ ಹತ್ತಿರ ಬಂದರೆ ಸಾಕು, ನನಗೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ. ಉಪವಾಸ ಇದ್ದಾಗ ಶುಗರ್ ಮಾತ್ರೆ ತಗೋಬೇಕಾ, ಬೇಡ್ವಾ? ರಂಜಾನ್ ಸಮಯದಲ್ಲೂ ಇದೇ, ಶಿವರಾತ್ರಿಗೂ ಇದೇ. ಎಷ್ಟು ಸಲ ಹೇಳಿದರೂ ಜನ ಕೇಳುವುದು ಹಬ್ಬದ ಹಿಂದಿನ ದಿನ, ಇಲ್ಲವೇ ಅನಾಹುತ ಆದ ಮೇಲೆ. ಹಾಗಾಗಿ ಈ ಸಲ ಜಾಸ್ತಿ ಜಾಗ ಅದಕ್ಕೇ. ಅನ್ನ ಬಿಡಬೇಕಾ, ಎಷ್ಟು ಹೊತ್ತು ವಾಕಿಂಗ್ ಮಾಡಬೇಕು ಎಂದು ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ, ಅದನ್ನು ಇಲ್ಲಿ ಬರೆಯುತ್ತಿಲ್ಲ.

ಪ್ರಶ್ನೆ: ನಮ್ಮ ಮಾವನವರಿಗೆ 71 ವರ್ಷ. ಬಹಳ ವರ್ಷಗಳಿಂದ ಶುಗರ್ ಇದೆ. ಏಕಾದಶಿ ಉಪವಾಸ ತಪ್ಪಿಸುವುದಿಲ್ಲ. ಹೋದ ಏಕಾದಶಿ ಬೆಳಿಗ್ಗೆ ಎಂದಿನಂತೆ ಮಾತ್ರೆ ನುಂಗಿ, ಒಂದು ಲೋಟ ಹಾಲು ಕುಡಿದಿದ್ದರು. ಸಂಜೆ ಹೊತ್ತಿಗೆ ಮಾತು ತೊದಲಿತು. ಬನಿಯನ್ ಹಿಂಡುವಷ್ಟು ಬೆವರು. ಸಕ್ಕರೆ ನೀರು ಕುಡಿಸಿದೆವು, ಅರ್ಧ ಗಂಟೆಯಾದರೂ ಚೇತರಿಸಲಿಲ್ಲ. ಆಸ್ಪತ್ರೆಯಲ್ಲಿ ನೋಡಿದಾಗ ಶುಗರ್ 46 ಇತ್ತು. ‘ಮಾತ್ರೆ ತಪ್ಪಿಸಿಲ್ಲ, ಆದರೂ ಯಾಕೆ ಹೀಗಾಯ್ತು’ ಅಂತ ಅವರು ಕೇಳ್ತಿದ್ದಾರೆ. ಮುಂದಿನ ಏಕಾದಶಿಗೆ ಮಾತ್ರೆ ಕೊಡೋದಾ, ನಿಲ್ಲಿಸೋದಾ? ಮಾತ್ರೆಯ ಶೀಟಿನ ಫೋಟೋ ಕಳಿಸಿದ್ದೇನೆ.
(ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಮಾತ್ರೆ ತಪ್ಪಿಸದೇ ಇದ್ದದ್ದರಿಂದಲೇ ಹೀಗಾಯ್ತು, ತಾಯಿ. ಫೋಟೋ ಕಳಿಸಿ ಒಳ್ಳೆಯ ಕೆಲಸ ಮಾಡಿದಿರಿ, ಬಹಳ ಜನ ಅಷ್ಟೂ ಮಾಡುವುದಿಲ್ಲ. ‘ಬಿಳಿ ಮಾತ್ರೆ, ಉದ್ದಕ್ಕಿದೆ’ ಎಂದು ಬರೆಯುತ್ತಾರೆ.

ನಿಮ್ಮ ಶೀಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಮೂರು ಔಷಧಿಗಳ ಹೆಸರಿದೆ. ಗ್ಲಿಮೆಪಿರೈಡ್ 2 ಮಿ.ಗ್ರಾಂ, ಮೆಟ್‌ಫಾರ್ಮಿನ್ ಎಸ್‌ಆರ್ (ಔಷಧಿಯನ್ನು ನಿಧಾನವಾಗಿ ಬಿಡುವ ಬಗೆ) 500 ಮಿ.ಗ್ರಾಂ, ವೋಗ್ಲಿಬೋಸ್ 0.2 ಮಿ.ಗ್ರಾಂ. ನೋಡಲು ಒಂದೇ ಮಾತ್ರೆ, ಒಳಗೆ ಮೂರು ಔಷಧಿ. ಮೂರರ ಕೆಲಸವೂ ಬೇರೆ ಬೇರೆ.

ಮೆಟ್‌ಫಾರ್ಮಿನ್ ಮುಖ್ಯವಾಗಿ ಲಿವರ್ ರಕ್ತಕ್ಕೆ ಬಿಡುವ ಸಕ್ಕರೆಯನ್ನು ತಗ್ಗಿಸುತ್ತದೆ. ಅದೊಂದನ್ನೇ ತಗೊಂಡರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯುವುದು ತೀರಾ ಅಪರೂಪ. ವೋಗ್ಲಿಬೋಸ್ ಕರುಳಿನಲ್ಲಿ ಪಿಷ್ಟ ಮತ್ತು ಸಕ್ಕರೆ ಒಡೆಯುವುದನ್ನು ನಿಧಾನ ಮಾಡುತ್ತದೆ. ಹೊಟ್ಟೆಗೆ ಏನೂ ಹೋಗದಿದ್ದರೆ ಅದಕ್ಕೆ ಕೆಲಸವೇ ಇಲ್ಲ. ಗ್ಲಿಮೆಪಿರೈಡ್ ಹಾಗಲ್ಲ. ಅದು ಮೇದೋಜೀರಕ ಗ್ರಂಥಿಯಿಂದ ಒತ್ತಾಯವಾಗಿ ಇನ್ಸುಲಿನ್ ಬಿಡಿಸುತ್ತದೆ. ನೀವು ಉಂಡಿದ್ದೀರೋ ಇಲ್ಲವೋ ಎಂದು ಅದು ನೋಡುವುದಿಲ್ಲ. ಒಮ್ಮೆ ನುಂಗಿದರೆ ಇಡೀ ದಿನ ಅದರ ಕೆಲಸ ನಡೆಯುತ್ತಲೇ ಇರುತ್ತದೆ. ಒಂದು ಲೋಟ ಹಾಲಿನ ಮೇಲೆ ಅಷ್ಟು ಇನ್ಸುಲಿನ್ ಬಂದರೆ ಸಂಜೆಗೆ ಶುಗರ್ 46 ಆಗದೆ ಇನ್ನೇನಾಗುತ್ತದೆ?

ಇನ್ನು ಸಕ್ಕರೆ ನೀರಿನ ವಿಷಯ. ಇದನ್ನು ಎಲ್ಲರೂ ಓದಬೇಕು. ಅಡುಗೆಮನೆಯ ಸಕ್ಕರೆ ಹಾಗೇ ರಕ್ತಕ್ಕೆ ಸೇರುವುದಿಲ್ಲ, ಕರುಳಿನಲ್ಲಿ ಮೊದಲು ಒಡೆಯಬೇಕು. ಅದನ್ನೇ ವೋಗ್ಲಿಬೋಸ್ ತಡೆ ಹಿಡಿಯುತ್ತದೆ. ಅದೇ ಜಾತಿಯ ಇನ್ನೊಂದು ಔಷಧಿ ಅಕಾರ್ಬೋಸ್ ಕೂಡ ಅಷ್ಟೇ. ನೀವು ಕುಡಿಸಿದ ಸಕ್ಕರೆ ನೀರು ಬೇಗ ಕೆಲಸ ಮಾಡದಿರಲು ಇದೂ ಕಾರಣ ಇರಬಹುದು. ಈ ಎರಡರಲ್ಲಿ ಒಂದು ಸೇರಿರುವ ಮಾತ್ರೆ ತಗೊಳ್ಳುವವರ ಮನೆಯಲ್ಲಿ ಗ್ಲೂಕೋಸ್ ಪುಡಿ ಇರಲೇಬೇಕು. ಗೋಪುರದಂತೆ ತುಂಬಿದ ಮೂರು ಟೀ ಚಮಚ, ಅಂದರೆ ಹೆಚ್ಚುಕಡಿಮೆ 15ರಿಂದ 20 ಗ್ರಾಂ, ನೀರಿಗೆ ಹಾಕಿ ಕುಡಿಸಿ. 15 ನಿಮಿಷ ಬಿಟ್ಟು ಮೀಟರ್‌ನಲ್ಲಿ ನೋಡಿ. ಇನ್ನೂ 70ರ ಕೆಳಗಿದ್ದರೆ ಮತ್ತೊಮ್ಮೆ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. 108ಕ್ಕೆ ಫೋನ್ ಮಾಡಿ.

ಇನ್ನೊಂದು ತಪ್ಪು ನಮ್ಮಲ್ಲಿ ಬಹಳ ನಡೆಯುತ್ತದೆ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುತ್ತಾರೆ, ಶುಗರ್ 150 ಬರುತ್ತದೆ, ಮುದುಕರು ಎದ್ದು ಕೂತು ಕಾಫಿ ಕೇಳುತ್ತಾರೆ. ಮನೆಯವರು ‘ಸರಿ ಹೋಯ್ತಲ್ಲ, ಡಿಸ್ಚಾರ್ಜ್ ಮಾಡಿ’ ಎಂದು ಹಟ ಹಿಡಿಯುತ್ತಾರೆ. ಗ್ಲಿಮೆಪಿರೈಡ್ ಇನ್ನೂ ಮೈಯಲ್ಲೇ ಇರುತ್ತದೆ. ಏರಿಸಿದ ಗ್ಲೂಕೋಸ್ ಮುಗಿದ ಮೇಲೆ ನಡುರಾತ್ರಿ ಮತ್ತೆ ಕುಸಿಯುತ್ತದೆ, ಆಗ ಮನೆಯವರೆಲ್ಲ ನಿದ್ದೆಯಲ್ಲಿರುತ್ತಾರೆ. ಈ ಮಾತ್ರೆಯಿಂದ ಶುಗರ್ ಬಿದ್ದರೆ ಕನಿಷ್ಠ ಒಂದು ದಿನ ಆಸ್ಪತ್ರೆಯಲ್ಲಿ ನಿಗಾ ಬೇಕು. ವಯಸ್ಸಾದವರಿಗೆ, ಕಿಡ್ನಿ ಸೊರಗಿದವರಿಗೆ ಇನ್ನೂ ಹೆಚ್ಚು. ಡಾಕ್ಟರು ಇರಿ ಎಂದರೆ ಇರಿ. ಬಿಲ್ ಮಾಡೋಕೆ ಇಟ್ಕೊಂಡಿದ್ದಾರೆ ಎಂದು ಜಗಳ ಆಡಬೇಡಿ.

ಈಗ ಮುಂದಿನ ಏಕಾದಶಿ. ಬರೀ ಇಂತಹ ದಿನಕ್ಕೆ ‘ಅರ್ಧ ಮಾತ್ರೆ ಕೊಡಿ’ ಎಂದು ನಾನು ಇಲ್ಲಿ ಕೂತು ಹೇಳುವುದಿಲ್ಲ. ಮೂರೂ ಒಂದರಲ್ಲೇ ಬೆರೆತಿರುವಾಗ ಬೇಡದ್ದನ್ನು ಮಾತ್ರ ತೆಗೆದಿಡಲು ಆಗುವುದಿಲ್ಲ ಅಲ್ವಾ? ಎಸ್‌ಆರ್ ಮಾತ್ರೆಯನ್ನು ಪುಡಿ ಮಾಡಲೂಬಾರದು. ಮಾವನವರ ಡಾಕ್ಟರ ಹತ್ತಿರ ಈ ವಾರವೇ ಹೋಗಿ. ಕಿಡ್ನಿ ಹೇಗಿದೆ ಎಂದು ತಿಳಿಯಲು ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿ. 46ಕ್ಕೆ ಇಳಿದ ಸಂಗತಿ ಹೇಳಿ, ಆಸ್ಪತ್ರೆಯ ಚೀಟಿ ತೋರಿಸಿ. ಮಾತ್ರೆಯನ್ನೇ ಬದಲಾಯಿಸಲು ಆಗುತ್ತದಾ ಎಂದು ನೇರವಾಗಿ ಕೇಳಿ. ಅಲ್ಲಿಗೆ ಹೋಗಿ ಬರುವವರೆಗೆ ಅವರು ಒಂದು ಹೊತ್ತಿನ ಊಟವನ್ನೂ ಬಿಡಬಾರದು. ಏಕಾದಶಿ ಬಂದರೂ ಸರಿಯೇ.

ನನ್ನ ಅಭಿಪ್ರಾಯ ಕೇಳಿದರೆ, 70 ದಾಟಿದ, ಉಪವಾಸ ಬಿಡಲು ಒಪ್ಪದ ವ್ಯಕ್ತಿಗೆ ನಾನು ಗ್ಲಿಮೆಪಿರೈಡ್ ಬರೆಯುವುದಿಲ್ಲ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ತರಹದ ಮಾತ್ರೆಗಳು ತಾವಾಗಿ ಶುಗರನ್ನು ಹೀಗೆ ಕೆಡವುವುದಿಲ್ಲ. ಮೊದಲು ಅವು ದುಬಾರಿ ಇದ್ದವು. 2022ರಲ್ಲಿ ಸಿಟಾಗ್ಲಿಪ್ಟಿನ್ ಪೇಟೆಂಟ್ ಮುಗಿದ ಮೇಲೆ ಬೆಲೆ ಚೆನ್ನಾಗಿ ಇಳಿದಿದೆ, ಜನೌಷಧಿ ಕೇಂದ್ರದಲ್ಲೂ ಸಿಗುತ್ತದೆ. ಈ ವಯಸ್ಸಿನಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 6.5 ಬರಲೇಬೇಕು ಎಂದು ಹಿಂಸೆ ಪಡುವುದೂ ಬೇಡ. 7.5 ಇದ್ದು, ಒಮ್ಮೆಯೂ ಕುಸಿದು ಬೀಳದೆ ಇದ್ದರೆ ನನಗೆ ಅದೇ ಸಮಾಧಾನ.

ಆದರೆ ಇದನ್ನು ಓದಿ ಯಾರೂ ಇವತ್ತೇ ಗ್ಲಿಮೆಪಿರೈಡ್ ಬಿಸಾಡಬೇಡಿ. ಹೊತ್ತಿಗೆ ಸರಿಯಾಗಿ ಉಣ್ಣುವವರಿಗೆ ಅದು ಕಡಿಮೆ ಬೆಲೆಗೆ ಸಿಗುವ, ಚೆನ್ನಾಗಿ ಕೆಲಸ ಮಾಡುವ ಔಷಧಿ. ಹೊತ್ತಿಗೆ ಸರಿಯಾಗಿ ಎಂದರೆ ಏನು ಎಂದೂ ಹೇಳಿಬಿಡುತ್ತೇನೆ. ಬೆಳಿಗ್ಗೆ ಆರಕ್ಕೆ ಮಾತ್ರೆ ನುಂಗಿ, ಸ್ನಾನ ಮಾಡಿ, ಪೂಜೆಗೆ ಕೂತು, ಒಂಬತ್ತೂವರೆಗೆ ತಿಂಡಿ ತಿನ್ನುವುದಲ್ಲ. ‘ತಿಂಡಿಗೆ ಮುಂಚೆ’ ಎಂದು ಚೀಟಿಯಲ್ಲಿ ಬರೆದಿದ್ದರೆ, ತಟ್ಟೆ ಮುಂದೆ ಬಂದ ಮೇಲೆ ನುಂಗಿ. ದ್ವಾದಶಿ ಪಾರಣೆಗೂ ಇದೇ ಮಾತು. ಎಲೆ ಹಾಕುವ ಮುಂಚೆಯೇ ಮಾತ್ರೆ ಬೇಡ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತಗೊಳ್ಳುವವರಿಗೆ ಉಪವಾಸದ ಅಪಾಯವೇ ಬೇರೆ. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ, ಜೊತೆಗೆ ನೀರೂ ಹೋಗುತ್ತದೆ. ನೀರು ಸಹ ಕುಡಿಯದೆ ಇಡೀ ದಿನ ಇದ್ದರೆ ಮೈ ಒಣಗುತ್ತದೆ, ಕೊಬ್ಬು ಕರಗಿದಾಗ ಬರುವ ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ಏರುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು ಬರುತ್ತದೆ. ಮೀಟರ್ ಮಾತ್ರ 180 ತೋರಿಸುತ್ತಿರುತ್ತದೆ, ಮನೆಯವರು ಶುಗರ್ ಚೆನ್ನಾಗಿದೆ, ಗ್ಯಾಸ್ಟ್ರಿಕ್ ಇರಬೇಕು ಎಂದುಕೊಳ್ಳುತ್ತಾರೆ. ಅದು ಗ್ಯಾಸ್ಟ್ರಿಕ್ ಅಲ್ಲ, ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ. ನಿರ್ಜಲ ಉಪವಾಸ, ಕೀಟೋ ಡಯಟ್ (ಅನ್ನ, ರೊಟ್ಟಿ ತೀರಾ ಕಡಿಮೆ ಮಾಡುವ ಪಥ್ಯ) ಇವೆರಡನ್ನೂ ಈ ಮಾತ್ರೆಯ ಜೊತೆ ಸೇರಿಸಬೇಡಿ. ವಾಂತಿ ಭೇದಿ ಶುರುವಾಗಿ ಊಟ ನೀರು ಸೇರದಿದ್ದರೆ ಈ ಮಾತ್ರೆ ಮತ್ತು ಮೆಟ್‌ಫಾರ್ಮಿನ್ ಎರಡನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಇನ್ಸುಲಿನ್ ತಗೊಳ್ಳುವವರು ಇನ್ಸುಲಿನ್ ಅನ್ನು ನೀವಾಗಿ ನಿಲ್ಲಿಸುವ ಹಾಗಿಲ್ಲ.

ರೋಜಾ ಇಡುವವರು ರಂಜಾನ್‌ಗೆ ಆರೆಂಟು ವಾರ ಮುಂಚೆಯೇ ಡಾಕ್ಟರನ್ನು ನೋಡಿ. ಬೆಳಗಿನ ದೊಡ್ಡ ಡೋಸನ್ನು ಇಫ್ತಾರ್ ಹೊತ್ತಿಗೆ ಸರಿಸುವುದು ಸೇರಿ ಬಹಳಷ್ಟು ಹೊಂದಾಣಿಕೆ ಸಾಧ್ಯ. ಬೆರಳು ಚುಚ್ಚಿ ಶುಗರ್ ನೋಡಿದರೆ ರೋಜಾ ಮುರಿಯುವುದಿಲ್ಲ ಎಂದು ಧರ್ಮಗುರುಗಳೇ ಹೇಳುತ್ತಾರೆ. ಯಾವ ಧರ್ಮದ ಉಪವಾಸವಾದರೂ ಶುಗರ್ 70ರ ಕೆಳಗೆ ಬಂದರೆ ಅಲ್ಲಿಗೆ ಉಪವಾಸ ಮುಗಿಯಿತು. ಸಂಕಷ್ಟಿಯಲ್ಲಿ ‘ಚಂದ್ರ ಬರಲಿ, ಇನ್ನು ಅರ್ಧ ಗಂಟೆ ತಾನೇ’ ಎನ್ನುವ ಮಾತು ಬೇಡ.

ಕೊನೆಗೆ ಇದೊಂದು. ಗ್ಲಿಮೆಪಿರೈಡ್ ತಗೊಳ್ಳುವವರು ಮೆಡಿಕಲ್ ಶಾಪಿನಲ್ಲಿ ನೀವಾಗಿ ಆ್ಯಂಟಿಬಯೋಟಿಕ್ ಕೇಳಿ ತರಬೇಡಿ. ಲಿವೋಫ್ಲಾಕ್ಸಸಿನ್, ಕೋಟ್ರೈಮಾಕ್ಸಜೋಲ್, ಫಂಗಸ್‌ಗೆ ಕೊಡುವ ಫ್ಲುಕೋನಜೋಲ್ ಇವು ಜೊತೆಗೆ ಸೇರಿದರೆ ಶುಗರ್ ಅನಿರೀಕ್ಷಿತವಾಗಿ ಬೀಳಬಹುದು. ಖಾಲಿ ಹೊಟ್ಟೆಗೆ ಮದ್ಯವೂ ಹಾಗೆಯೇ.

ಪ್ರಶ್ನೆ: ಮೆಟ್‌ಫಾರ್ಮಿನ್ ಕಿಡ್ನಿ ತಿನ್ನುತ್ತದಂತೆ, ಹೌದಾ?

ಇಲ್ಲ. ಕಿಡ್ನಿ ತಿನ್ನುವುದು ಹತೋಟಿ ತಪ್ಪಿದ ಶುಗರ್ ಮತ್ತು ಬಿಪಿ. ಮೆಟ್‌ಫಾರ್ಮಿನ್ ಮೈಯಿಂದ ಹೊರಹೋಗುವುದು ಕಿಡ್ನಿ ಮೂಲಕ. ಕಿಡ್ನಿ ಸೊರಗಿದಾಗ ಅದು ಒಳಗೇ ಉಳಿದುಕೊಳ್ಳುತ್ತದೆ, ಅದಕ್ಕೇ ಡೋಸ್ ಇಳಿಸುತ್ತೇವೆ. ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಹೇಳುವ ಇಜಿಎಫ್‌ಆರ್ 45ರ ಕೆಳಗೆ ಬಂದರೆ ಡೋಸ್ ಕಡಿಮೆ, 30ರ ಕೆಳಗಾದರೆ ಬಂದ್. ಡಾಕ್ಟರು ನಿಲ್ಲಿಸಿದ್ದನ್ನು ನೋಡಿ, ಮಾತ್ರೆಯೇ ಕಿಡ್ನಿ ಹಾಳು ಮಾಡಿತು ಎಂದು ಜನ ಸುದ್ದಿ ಹಬ್ಬಿಸುತ್ತಾರೆ. ಈ ಮಾತು ನಂಬಿ ಮಾತ್ರೆ ಬಿಟ್ಟು, ನಾಲ್ಕೈದು ವರ್ಷದ ನಂತರ ನಿಜವಾಗಿಯೂ ಕಿಡ್ನಿ ಕಳೆದುಕೊಂಡು ಬಂದವರನ್ನು ನೋಡಿದಾಗ ನನಗೆ ತುಂಬಾ ಸಂಕಟವಾಗುತ್ತದೆ. 1957ರಿಂದ ಬಳಕೆಯಲ್ಲಿರುವ ಔಷಧಿ ಇದು. ನಿಜವಾಗಿ ಗಮನ ಕೊಡಬೇಕಾದ್ದು ಬಿ12. ಬಹಳ ವರ್ಷ ಮೆಟ್‌ಫಾರ್ಮಿನ್ ತಗೊಂಡರೆ ಅದು ಕಡಿಮೆಯಾಗಬಹುದು, ಸಸ್ಯಾಹಾರಿಗಳಿಗೆ ಇನ್ನೂ ಜಾಸ್ತಿ. ಪಾದ ಜುಮ್ಮೆನ್ನುತ್ತಿದ್ದರೆ ಶುಗರ್‌ನಿಂದ ಎಂದು ಸುಮ್ನೆ ಕೂರದೆ ಬಿ12 ಪರೀಕ್ಷೆ ಮಾಡಿಸಿ.

ಪ್ರಶ್ನೆ: ಒಬ್ಬರು ಗಿಡಮೂಲಿಕೆ ಪುಡಿ ಕೊಡುತ್ತಾರೆ. ಮೂರು ತಿಂಗಳಲ್ಲಿ ಶುಗರ್ ಬುಡಸಮೇತ ಹೋಗುತ್ತೆ, ಇಂಗ್ಲಿಷ್ ಮಾತ್ರೆ ಬಿಡಿ ಅಂತಾರೆ. ನನಗೆ ಒಂದೇ ವಾರದಲ್ಲಿ ಇಳಿದಿದೆ.

ಒಂದೇ ವಾರದಲ್ಲಿ ಇಳಿದಿದೆ ಎನ್ನುವುದೇ ನನಗೆ ಭಯ. ‘ಗಿಡಮೂಲಿಕೆ’ ಎಂದು ಮಾರುವ ಇಂಥ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಮಾತ್ರೆ ಬೆರೆಸಿದ್ದು ಹಲವು ದೇಶಗಳ ಲ್ಯಾಬ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆ. ಅದು ಗ್ಲಿಮೆಪಿರೈಡ್‌ನ ಅಣ್ಣ, ಶುಗರ್ ಕೆಡವುವುದರಲ್ಲಿ ಇನ್ನೂ ಜೋರು. ಎಷ್ಟು ಮಿ.ಗ್ರಾಂ ಎಂದು ನಿಮಗೂ ಗೊತ್ತಿಲ್ಲ, ಕುಸಿದು ಬಿದ್ದಾಗ ನೋಡುವ ಡಾಕ್ಟರಿಗೂ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇನೆ ಎಂದು ಔಷಧಿಯ ಜಾಹೀರಾತು ಕೊಡುವುದೇ 1954ರ ಕಾಯ್ದೆಯಡಿ ಅಪರಾಧ. ಪುಡಿ ಮನೆಯಲ್ಲಿಟ್ಟುಕೊಳ್ಳಬೇಡಿ, ನಿಮ್ಮ ಡಾಕ್ಟರಿಗೆ ಒಯ್ದು ತೋರಿಸಿ. ಮೆಂತ್ಯ, ಹಾಗಲಕಾಯಿ ಪಲ್ಯ ಮಾಡಿ ತಿನ್ನಿ, ನನ್ನದೇನೂ ಅಡ್ಡಿ ಇಲ್ಲ. ಮಾತ್ರೆಯ ಬದಲಿಗೆ ಬೇಡ, ಅಷ್ಟೇ.

ಪ್ರಶ್ನೆ: ಶುಗರ್ ನಾರ್ಮಲ್ ಬಂತು, ಮಾತ್ರೆ ನಿಲ್ಲಿಸಲಾ?

ನಾರ್ಮಲ್ ಬಂದಿದ್ದು ಮಾತ್ರೆಯಿಂದ. ನಿಲ್ಲಿಸಬೇಡಿ. ತೂಕ ಚೆನ್ನಾಗಿ ಇಳಿಸಿದ್ದರೆ ಮಾತ್ರ ಡಾಕ್ಟರ ಹತ್ತಿರ ಮಾತಾಡಿ.

ಪ್ರಶ್ನೆ: ಡಾಪಾಗ್ಲಿಫ್ಲೋಜಿನ್ ಶುರು ಮಾಡಿದ ಮೇಲೆ ಮೂತ್ರದಲ್ಲಿ ಸಕ್ಕರೆ ನಾಲ್ಕು ಪ್ಲಸ್ ಬಂದಿದೆ. ಗಾಬರಿಯಾಗಿದೆ.

ಮಾತ್ರೆಯ ಕೆಲಸವೇ ಅದು. ಮೂತ್ರದ ಸಕ್ಕರೆ ನೋಡುವುದು ಬಿಡಿ, ರಕ್ತ ನೋಡಿ. ಗುಪ್ತಾಂಗದಲ್ಲಿ ತುರಿಕೆ ಬಂದರೆ ನಾಚಿಕೆ ಬಿಟ್ಟು ಹೇಳಿ. ಆಪರೇಷನ್ ಇದ್ದರೆ ಮೂರು ದಿನ ಮುಂಚೆಯೇ ನಿಲ್ಲಿಸಬೇಕಾಗುತ್ತದೆ, ಸರ್ಜನ್‌ಗೆ ನೆನಪಿಸಿ.

ಪ್ರಶ್ನೆ: ಮೆಟ್‌ಫಾರ್ಮಿನ್ ಮಾತ್ರೆ ಮಲದಲ್ಲಿ ಹಾಗೇ ಹೊರಗೆ ಬರುತ್ತಿದೆ. ನಕಲಿ ಔಷಧಿಯಾ?

ಅಲ್ಲ. ಎಸ್‌ಆರ್ ಮಾತ್ರೆಯ ಖಾಲಿ ಹೊದಿಕೆ ಅದು. ಔಷಧಿ ಒಳಗೇ ಇಳಿದಿರುತ್ತದೆ.

ಪ್ರಶ್ನೆ: ಬೆಳಗಿನ ಮಾತ್ರೆ ಮರೆತೆ. ರಾತ್ರಿ ಎರಡು ಒಟ್ಟಿಗೆ ತಗೊಳ್ಳಲಾ?

ಬೇಡವೇ ಬೇಡ. ರಾತ್ರಿಯದು ಒಂದೇ ತಗೊಳ್ಳಿ. ಬೆಳಗಿನದು ನಾಳೆ ತಿಂಡಿ ಹೊತ್ತಿಗೆ.