ಸಿಬಿಡಿ ಮುಲಾಮಿಗೆ ಆಪರೇಷನ್ ಕಲೆ ಹೋಗುತ್ತಾ? ನಾನು ಅರ್ಧ ಕಲೆಗೆ ಹಚ್ಚಿ ನೋಡಿದೆ

ನಿಮ್ಮ ಪ್ರಶ್ನೆ ಇಷ್ಟು: ಸಿಸೇರಿಯನ್ ಆಗಿ ನಾಲ್ಕು ತಿಂಗಳಾಗಿದೆ, ಕಲೆ ಕೆಂಪಗೆ ಉಬ್ಬಿಕೊಂಡಿದೆ, ನವೆ ಜಾಸ್ತಿ. ಯಾರೋ ಸಿಬಿಡಿ ಮುಲಾಮು (ಸಿಬಿಡಿ ಅಂದರೆ ಗಾಂಜಾ ಗಿಡದಲ್ಲಿರುವ ಒಂದು ಅಂಶ) ಹಚ್ಚಿ ಅಂದಿದ್ದಾರೆ. ಯಾರಾದರೂ ಹಚ್ಚಿ ನೋಡಿದ್ದೀರಾ, ಕಲೆ ಹೋಗುತ್ತಾ?

ನಾನು ಹಚ್ಚಿ ನೋಡಿದ್ದೇನೆ. ಮೂರು ತಿಂಗಳು, ದಿನಕ್ಕೆ ಎರಡು ಸಲ, ಆದರೆ ಅರ್ಧ ಕಲೆಗೆ ಮಾತ್ರ. ಹೇಳುವುದಕ್ಕೆ ಮೊದಲು ಒಂದು ಮಾತು, ತಂಗಿ. ಮಗುವಿಗೆ ಎದೆಹಾಲು ಕುಡಿಸುತ್ತಿದ್ದರೆ ಸದ್ಯಕ್ಕೆ ಇದರ ಸಹವಾಸವೇ ಬೇಡ. ಬಸುರಿಯರು, ಹಾಲುಣಿಸುವ ತಾಯಂದಿರು ಸಿಬಿಡಿಯನ್ನು ಯಾವ ರೂಪದಲ್ಲೂ ಬಳಸಬೇಡಿ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸ್ಪಷ್ಟವಾಗಿ ಹೇಳಿದೆ. ಕಲೆ ಎಲ್ಲಿಗೂ ಓಡಿಹೋಗುವುದಿಲ್ಲ, ಕಾಯುತ್ತದೆ.

ನಾನು ಡಾಕ್ಟರ್ ಅಲ್ಲ. ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್. ಹೋದ ವರ್ಷ ಅಪೆಂಡಿಕ್ಸ್ ಆಪರೇಷನ್ ಆಯ್ತು. ತೂತು ಮಾಡಿ ತೆಗೆಯುವುದಲ್ಲ, ಕೊಯ್ದೇ ತೆಗೆದರು. ಬಲಗಡೆ ಕಿಬ್ಬೊಟ್ಟೆಯ ಮೇಲೆ ಓರೆಯಾಗಿ ಏಳು ಸೆಂಟಿಮೀಟರ್ ಗೆರೆ. ಹೊಲಿಗೆ ಬಿಚ್ಚಿದಾಗ ಸಣ್ಣಗೆ ಇತ್ತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಚರ್ಮದ ಮೇಲೆ ಎರೆಹುಳ ಮಲಗಿದ ಹಾಗೆ ಎದ್ದು ನಿಂತಿತು. ಬೇಸಿಗೆ ಬೇರೆ. ನಮ್ಮೂರ ಬೇಸಿಗೆ ನಿಮಗೆ ಹೇಳಬೇಕಾಗಿಲ್ಲ ಅಲ್ವಾ. ಬೆವರು ಇಳಿದರೆ ಸಾಕು, ಕತ್ತರಿ ಕೆಳಗಿಟ್ಟು ಕೆರೆದುಕೊಳ್ಳುವ ಹಾಗೆ ಆಗುತ್ತಿತ್ತು.

ಬೆಂಗಳೂರಿನಲ್ಲಿರುವ ಅಕ್ಕನ ಮಗ ಸಿಬಿಡಿ ಬಗ್ಗೆ ಹೇಳಿದ. ನಮ್ಮ ಕಡೆ ಗಾಂಜಾ ಅಂದರೆ ಆರೂಢರ, ಅವಧೂತರ ಮಠಗಳು ನೆನಪಾಗುತ್ತವೆ, ಇಲ್ಲಾ ಪೊಲೀಸರು. ಅಮ್ಮ ಕೇಳಿದ ಕೂಡಲೇ "ಯಪ್ಪಾ, ಗಾಂಜಾ ಹಚ್ಕಂತೀಯೇನೋ?" ಅಂದಳು. ಗಿಡ ಅದೇ. ಆದರೆ ನಶೆ ಏರಿಸುವುದು ಟಿಎಚ್‌ಸಿ ಅನ್ನುವ ಅಂಶ. ಸಿಬಿಡಿಗೆ ಆ ನಶೆ ಇಲ್ಲ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಅನ್ನುವುದು ಗಿಡದ ಹೂವು ಕಾಯಿ ಬಿಡುವ ತುದಿಗೆ. ತುದಿ ಜೊತೆಗಿಲ್ಲದ ಬರೀ ಎಲೆ ಮತ್ತು ಬೀಜ ಆ ಅರ್ಥದಲ್ಲಿ ಬರುವುದಿಲ್ಲ. ಎಲೆಯಿಂದ ಮಾಡಿದ ಔಷಧಿಗಳು ಆಯುರ್ವೇದದ ಲೈಸೆನ್ಸ್ ಮೇಲೆ 'ವಿಜಯಾ' ಅನ್ನುವ ಹೆಸರಲ್ಲಿ ಸಿಗುವುದು ಈ ದಾರಿಯಿಂದ. ನಾನೂ ಆಯುರ್ವೇದ ವೈದ್ಯರ ಚೀಟಿ ತೋರಿಸಿಯೇ ತರಿಸಿದೆ. ಒಂದು ಪುಟ್ಟ ಡಬ್ಬಿಗೆ ಸಾವಿರದ ಮೇಲೆ ಬಿತ್ತು.

ಇಲ್ಲೊಂದು ಮೋಸ ಇದೆ, ನೋಡಿಕೊಳ್ಳಿ. ಹೆಂಪ್ (ಇದೂ ಗಾಂಜಾ ಜಾತಿಯ ಗಿಡವೇ) ಬೀಜದ ಎಣ್ಣೆಯನ್ನೇ ಸಿಬಿಡಿ ಅನ್ನುವ ಹಾಗೆ ಮಾರುವವರು ಇದ್ದಾರೆ. ಬೀಜದ ಎಣ್ಣೆಯಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ನಿಜವಾದ ಸಿಬಿಡಿ ಅಂದುಕೊಂಡರೂ ಲೇಬಲ್ ನಂಬುವುದು ಕಷ್ಟ. ಅಮೆರಿಕದಲ್ಲಿ 2022ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಮೈಗೆ ಹಚ್ಚುವ 105 ಸಿಬಿಡಿ ಉತ್ಪನ್ನಗಳನ್ನು ನೋಡಿದರು. ಸುಮಾರು 35% ಉತ್ಪನ್ನಗಳಲ್ಲಿ ಟಿಎಚ್‌ಸಿ ಸಿಕ್ಕಿತು. ಸಿಬಿಡಿ ಪ್ರಮಾಣ ಬರೆದಿದ್ದವುಗಳಲ್ಲಿ ಲೇಬಲ್‌ಗೂ ಒಳಗಿನ ಸರಕಿಗೂ ತಾಳೆಯಾದದ್ದು ಕಾಲು ಭಾಗದಷ್ಟು ಮಾತ್ರ.

ಇನ್ನು ಕಲೆಯ ಮಾತು. ಮಾರುವವರು ಜಾಸ್ತಿ ತೋರಿಸುವುದು 2019ರಲ್ಲಿ ಬಂದ ಇಟಲಿಯ ಒಂದು ಅಧ್ಯಯನ. ಮೂರು ತಿಂಗಳು, ದಿನಕ್ಕೆ ಎರಡು ಸಲ ಮುಲಾಮು, ಚರ್ಮ ಸುಧಾರಿಸಿತು ಅಂತ ಫಲಿತಾಂಶ. ಬಿಡಿಸಿ ನೋಡಿದರೆ ಒಟ್ಟು 20 ಜನ. ಅದರಲ್ಲಿ 5 ಜನಕ್ಕೆ ಸೋರಿಯಾಸಿಸ್, 5 ಜನಕ್ಕೆ ಎಗ್ಜಿಮಾ, ಕಲೆ ಇದ್ದವರು 10 ಜನ. ಸಿಬಿಡಿ ಇಲ್ಲದ ಮುಲಾಮು ಹಚ್ಚಿಸಿಕೊಂಡ ಗುಂಪು ಇರಲೇ ಇಲ್ಲ. ನನ್ನ ಕೆಲಸದ ಬುದ್ಧಿ ಅಲ್ಲೇ ಎದ್ದು ಕೂತಿತು.

ನಮ್ಮಲ್ಲಿ ಹೊಸ ಡೆನಿಮ್ ಥಾನು ಬಂದರೆ ನೇರ ಕತ್ತರಿ ಹಾಕುವುದಿಲ್ಲ. ಒಂದು ತುಂಡಿನ ಮೇಲೆ ಅಳತೆಯ ಚೌಕ ಗುರುತು ಮಾಡಿ ವಾಷಿಂಗ್‌ಗೆ ಕಳಿಸುತ್ತೇವೆ. ವಾಪಸ್ ಬಂದ ಮೇಲೆ ಅಳೆದರೆ ಉದ್ದಕ್ಕೆ ಎಷ್ಟು ಕುಗ್ಗಿತು, ಅಡ್ಡಕ್ಕೆ ಎಷ್ಟು ಅಂತ ಗೊತ್ತಾಗುತ್ತದೆ. "ಕುಗ್ಗಲ್ಲ ಬಿಡಿ ಮಾಸ್ಟ್ರೇ" ಅಂದವರ ಮಾತು ಕೇಳಿ ಇಡೀ ಲಾಟು ಹಾಳಾದದ್ದನ್ನು ಕಣ್ಣಾರೆ ಕಂಡವನು ನಾನು.

ಕಲೆಯ ವಿಷಯದಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಕಲೆ ಸುಮ್ನೆ ಬಿಟ್ಟರೂ ಬದಲಾಗುತ್ತದೆ. ಗಾಯ ಮುಚ್ಚಿದ ಮೇಲೆ ದೇಹ ಅವಸರದಲ್ಲಿ ಕಾಲಜನ್ ಅನ್ನುವ ನಾರಿನಂಥ ಪ್ರೋಟೀನು ತುಂಬುತ್ತದೆ. ಆಮೇಲೆ ನಿಧಾನವಾಗಿ ಅದನ್ನು ಕಿತ್ತು ಗಟ್ಟಿ ಕಾಲಜನ್ ಕೂರಿಸುತ್ತಾ ಹೋಗುತ್ತದೆ. ಒಂದು ವರ್ಷ, ಕೆಲವರಿಗೆ ಅದಕ್ಕಿಂತ ಜಾಸ್ತಿ. ಮೊದಲ ತಿಂಗಳುಗಳಲ್ಲಿ ಕೆಂಪು, ಉಬ್ಬು, ನವೆ ಎಲ್ಲ ಏರಿ, ಆಮೇಲೆ ಇಳಿಯುವುದು ಮಾಮೂಲಿ. ಕಲೆ ಕೆಟ್ಟದಾಗಿ ಕಂಡಾಗಲೇ ಅಲ್ವಾ ನಾವು ಮುಲಾಮು ಹುಡುಕುವುದು? ಆ ಹೊತ್ತಿಗೆ ಬೇಳೆ ಕಟ್ಟು ಹಚ್ಚಿದರೂ ಮೂರು ತಿಂಗಳಿಗೆ ಹೆಸರು ಬೇಳೆಗೇ ಬರುತ್ತದೆ.

ಅರ್ಧ ಕಲೆಯ ಉಪಾಯ ನನ್ನದಲ್ಲ. 1999ರಲ್ಲಿ ಅಮೆರಿಕದಲ್ಲಿ ವಿಟಮಿನ್ ಇ ಬಗ್ಗೆ ಹೀಗೇ ಪರೀಕ್ಷೆ ಮಾಡಿದ್ದರು. 15 ಜನರ ಆಪರೇಷನ್ ಕಲೆ, ಒಂದರ್ಧಕ್ಕೆ ಬರೀ ಮುಲಾಮು, ಇನ್ನರ್ಧಕ್ಕೆ ಅದೇ ಮುಲಾಮಿಗೆ ವಿಟಮಿನ್ ಇ ಬೆರೆಸಿದ್ದು. 90% ಕಡೆ ವಿಟಮಿನ್ ಇ ಏನೂ ಮಾಡಲಿಲ್ಲ, ಇಲ್ಲಾ ಕಲೆಯನ್ನು ಕೆಡಿಸಿತು. ಮೂರರಲ್ಲಿ ಒಬ್ಬರಿಗೆ ಚರ್ಮ ಕೆರಳಿತು. ಇವತ್ತಿಗೂ ಜನ ಕ್ಯಾಪ್ಸೂಲ್ ಚುಚ್ಚಿ ಹಚ್ಚುತ್ತಾರೆ, ಅದು ಬೇರೆ ಕಥೆ.

ನಾನು ಮಾಡಿದ್ದು ಹೀಗೆ. ಮೊದಲು ಮುಂಗೈ ಒಳಭಾಗಕ್ಕೆ ಎರಡು ದಿನ ಹಚ್ಚಿ ಅಲರ್ಜಿ ಇಲ್ಲ ಅಂತ ನೋಡಿಕೊಂಡೆ. ಕಲೆಯ ಮಧ್ಯೆ ಅರ್ಧ ಸೆಂಟಿಮೀಟರ್ ಬಿಟ್ಟು, ಕೆಳಗಿನ ಅರ್ಧಕ್ಕೆ ಸಿಬಿಡಿ ಮುಲಾಮು, ಮೇಲಿನ ಅರ್ಧಕ್ಕೆ ಬರೀ ಪೆಟ್ರೋಲಿಯಂ ಜೆಲ್ಲಿ. ಹೆಂಡತಿ ಎರಡನ್ನೂ ಒಂದೇ ತರದ ಕುಂಕುಮದ ಡಬ್ಬಿಗೆ ತುಂಬಿ ಕೆಂಪು ದಾರ, ಬಿಳಿ ದಾರ ಕಟ್ಟಿಕೊಟ್ಟಳು, ಯಾವುದು ಯಾವುದು ಅಂತ ನನಗೆ ಗೊತ್ತಾಗಬಾರದು ಅಂತ. ಮೊದಲ ದಿನವೇ ಗುಟ್ಟು ರಟ್ಟಾಯಿತು. ಕೆಂಪು ದಾರದ ಡಬ್ಬಿ ತೆಗೆದರೆ ಒಣಹುಲ್ಲಿನ ವಾಸನೆ.

ಹಾಗಾಗಿ ತೀರ್ಪು ಕೊಡುವ ಕೆಲಸ ಮಗಳಿಗೆ ಹೋಯಿತು. ಪ್ರತಿ ಭಾನುವಾರ ಸ್ನಾನಕ್ಕೆ ಮುಂಚೆ, ಅದೇ ಕಿಟಕಿ ಪಕ್ಕ, ಮೊಬೈಲಿನಲ್ಲಿ ಫೋಟೋ. ಮೊಬೈಲು ಒಂದೊಂದು ದಿನ ಒಂದೊಂದು ಬಣ್ಣ ತೋರಿಸುತ್ತದೆ. ಅದಕ್ಕೆ ಕಲೆಯ ಪಕ್ಕ ಒಂದು ಪ್ಲಾಸ್ಟಿಕ್ ಸ್ಕೇಲು, ಒಂದು ತುಂಡು ನೀಲಿ ಡೆನಿಮ್ ಇಟ್ಟೆ. ಆ ನೀಲಿ ಹೋದ ವಾರದ ಹಾಗೆ ಕಂಡರೆ ಮಾತ್ರ ಫೋಟೋ ಲೆಕ್ಕಕ್ಕೆ, ಇಲ್ಲದಿದ್ದರೆ ಮತ್ತೆ ತೆಗೆಯುವುದು. ಯಾವ ಅರ್ಧಕ್ಕೆ ಏನು ಅಂತ ಮಗಳಿಗೆ ಹೇಳಿರಲಿಲ್ಲ. ಬಣ್ಣ, ಉಬ್ಬು ನೋಡಿ ಅವಳು ಮಾರ್ಕು ಹಾಕುತ್ತಿದ್ದಳು. ಮೆದು ಎಷ್ಟು, ನವೆ ಎಷ್ಟು ಅಂತ ನಾನು ಬರೆದಿಡುತ್ತಿದ್ದೆ.

ಮೂರನೇ ವಾರ ಮೇಲಿನ ಅರ್ಧ ಎದ್ದು ಕಾಣುವಷ್ಟು ಕೆಂಪಾಯಿತು. ಕೆಳಗಿನ ಅರ್ಧ ತಣ್ಣಗಿತ್ತು. ಸಿಬಿಡಿ ಗೆದ್ದೇಬಿಟ್ಟಿತು ಅಂತ ಅಕ್ಕನ ಮಗನಿಗೆ ಫೋನೂ ಮಾಡಿದೆ. ನಾಲ್ಕನೇ ವಾರ ಕೆಲಸದಲ್ಲಿ ಒಂದು ಪ್ಯಾಂಟಿನ ಸೊಂಟಪಟ್ಟಿ ತಿರುಗಿಸಿ ನೋಡುತ್ತಿದ್ದಾಗ ಹೊಳೆಯಿತು. ನನ್ನ ಪ್ಯಾಂಟಿನ ಸೊಂಟಪಟ್ಟಿಯ ದಪ್ಪ ಮಡಿಕೆ, ಮೇಲೆ ಬೆಲ್ಟು, ಎರಡೂ ಕೂರುತ್ತಿದ್ದದ್ದು ಮೇಲಿನ ಅರ್ಧದ ಮೇಲೆ ಸರಿಯಾಗಿ! ಇಪ್ಪತ್ತು ವರ್ಷ ಸೊಂಟಪಟ್ಟಿ ಕತ್ತರಿಸಿದವನಿಗೆ ತನ್ನ ಸೊಂಟದ ಮೇಲೆ ಅದು ಎಲ್ಲಿ ಕೂತಿದೆ ಅಂತ ಗೊತ್ತಾಗಲಿಲ್ಲ. ಅವತ್ತಿಂದ ಸಡಿಲ ಪೈಜಾಮ, ಮನೆಯಲ್ಲಿ ಲುಂಗಿ. ಎರಡು ವಾರದಲ್ಲಿ ಎರಡೂ ಅರ್ಧ ಒಂದೇ ಬಣ್ಣಕ್ಕೆ ಬಂದವು.

ಹನ್ನೆರಡು ವಾರ ಮುಗಿದಾಗ ಎರಡು ಕಡೆಯೂ ಅಗಲ 6 ಮಿಲಿಮೀಟರ್‌ನಿಂದ 5ಕ್ಕೆ ಇಳಿದಿತ್ತು. ಉಬ್ಬು ಎರಡು ಕಡೆಯೂ ಸ್ವಲ್ಪ ತಗ್ಗಿತ್ತು. ನವೆ ಎರಡು ಕಡೆಯೂ ಪೂರಾ ಕಮ್ಮಿ. ಫೋಟೋ ನೋಡಿ ಯಾವ ಕಡೆ ದುಬಾರಿ ಮುಲಾಮು ಹೇಳು ಅಂದರೆ ಮಗಳು ಜೆಲ್ಲಿ ಹಚ್ಚಿದ ಕಡೆ ಬೆರಳು ತೋರಿಸಿದಳು. ಒಬ್ಬನ ಒಂದು ಕಲೆ, ಇದರಿಂದ ಸಿಬಿಡಿ ವೇಸ್ಟು ಅಂತ ಹೇಳಲು ಬರುವುದಿಲ್ಲ. ನನ್ನ ಕಲೆಗೆ ಸಾವಿರ ರೂಪಾಯಿಯ ವ್ಯತ್ಯಾಸ ಕಾಣಲಿಲ್ಲ, ಅಷ್ಟು ಹೇಳಬಲ್ಲೆ. ನವೆ ಇಳಿಸಿದ್ದು ಜಿಡ್ಡು, ದಿನಾ ಎರಡು ಸಲ ಮೆಲ್ಲಗೆ ತಿಕ್ಕಿದ್ದು, ಬೆಲ್ಟು ಬಿಟ್ಟದ್ದು ಅಂತ ನನ್ನ ಲೆಕ್ಕ.

ನಿಮ್ಮ ವಿಷಯಕ್ಕೆ ಬಂದರೆ, ಮೊದಲು ಲಂಗದ ಲಾಡಿ, ಚೂಡಿದಾರದ ಇಲಾಸ್ಟಿಕ್ ಎಲ್ಲಿ ಕೂರುತ್ತದೆ ನೋಡಿ. ಕಲೆಯ ಮೇಲೇ ಇದ್ದರೆ ಮೇಲಕ್ಕೆ ಕಟ್ಟಿ, ಒಳಗೆ ಮೆತ್ತನೆ ಹತ್ತಿ ಬಟ್ಟೆ ಇಡಿ. ಡಾಕ್ಟರನ್ನು ಕೇಳಿ ಸಿಲಿಕೋನ್ ಶುರು ಮಾಡಿ, ಕಲೆಗೆ ಅಂಟಿಸುವ ಶೀಟು ಇಲ್ಲಾ ಹಚ್ಚುವ ಜೆಲ್. ಉಬ್ಬಿದ ಕಲೆಗೆ ಚರ್ಮದ ಡಾಕ್ಟರುಗಳು ಮೊದಲು ಹೇಳುವುದು ಅದನ್ನೇ. ಶೀಟ್ ಆದರೆ ದಿನಕ್ಕೆ 12 ಗಂಟೆಯಾದರೂ ಇರಬೇಕು, ಕನಿಷ್ಠ ಎರಡು ಮೂರು ತಿಂಗಳು. ನಮ್ಮ ಬಿಸಿಲಿಗೆ ಶೀಟು ಬೆವರಿ ಜಾರುತ್ತದೆ, ಕೆಳಗೆ ಬೆವರುಸಾಲೆ ಏಳುತ್ತದೆ. ಆಮೇಲೆ ನಾನು ಜೆಲ್‌ಗೆ ಬಂದೆ, ಒಣಗಿದ ಮೇಲೆ ಅಂಟುವುದಿಲ್ಲ. ಈಗ ಕಲೆ ಹೆಚ್ಚುಕಮ್ಮಿ ಸಮ ಆಗಿದೆ. ಜೆಲ್‌ಗೆ ಅರ್ಧ-ಅರ್ಧ ಪರೀಕ್ಷೆ ಮಾಡಿಲ್ಲ, ಹಾಗಾಗಿ ಪೂರಾ ಮಾರ್ಕು ಅದಕ್ಕೂ ಕೊಡಲಾರೆ.

ಒಂದು ಗುರುತು ಮಾತ್ರ ಮರೆಯಬೇಡಿ. ಉಬ್ಬು ಕೊಯ್ದ ಗೆರೆಯೊಳಗೇ ಇದ್ದರೆ ಇಳಿಯುವ ಆಸೆ ಇದೆ. ಗೆರೆ ದಾಟಿ ಪಕ್ಕದ ಒಳ್ಳೆಯ ಚರ್ಮಕ್ಕೂ ಹಬ್ಬುತ್ತಿದ್ದರೆ ಅದು ಕೀಲಾಯ್ಡ್. ಅದು ಮುಲಾಮಿಗೆ ಬಗ್ಗುವುದಲ್ಲ. ಚರ್ಮದ ಡಾಕ್ಟರು ಕಲೆಯೊಳಗೇ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಕೆಲವು ವಾರಕ್ಕೊಂದು ಸಲ. ಕೀವು, ಜ್ವರ, ಹೊಸದಾಗಿ ನೋವು ಇದ್ದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ, ಆಪರೇಷನ್ ಮಾಡಿದವರ ಹತ್ತಿರ ಹೋಗಿ.

ಉಳಿದ ಸಿಬಿಡಿ ಡಬ್ಬಿ ಈಗ ಅಮ್ಮನ ಹತ್ತಿರ ಇದೆ. ಮೊಣಕಾಲಿಗೆ ಹಚ್ಚಿಕೊಂಡು ಭಾರಿ ಆರಾಮ ಅನ್ನುತ್ತಾಳೆ. ಒಂದೇ ಕಾಲಿಗೆ ಹಚ್ಚಿ ನೋಡಮ್ಮ ಅಂದೆ. "ಇನ್ನೊಂದ್ ಕಾಲು ಏನ್ ಪಾಪ ಮಾಡೈತೋ?" ಅಂದಳು.